ರಕ್ತ ತಪಾಸಣೆಗೆ ಸಿಗದ ಬೇನೆ

ಖಿನ್ನತೆಯನ್ನು ಪತ್ತೆ ಹಚ್ಚುವ ಯಂತ್ರ ಯಾವ ದೊಡ್ಡಾಸ್ಪತ್ರೆಯಲ್ಲೂ ಇಲ್ಲ. ಅದಕ್ಕೆ ಬೇಕಾದದ್ದು ಸರಿಯಾದ ನಾಲ್ಕು ಪ್ರಶ್ನೆ, ಉತ್ತರ ಕೇಳಿಸಿಕೊಳ್ಳುವಷ್ಟು ಪುರಸೊತ್ತು. ಆ ಪ್ರಶ್ನೆ ವಿಜಯಪುರ ಜಿಲ್ಲೆಯ ಮಮದಾಪುರದಂಥ ಊರಿನವರೆಗೆ ಹೇಗೆ ಬಂದೀತು ಎಂದು ಕರ್ನಾಟಕ ಐವತ್ತು ವರ್ಷಗಳಿಂದ ಹುಡುಕುತ್ತಲೇ ಇದೆ.

"ಒಂದ್ ಸಲೈನ್ ಹಚ್ಚರಿ, ಸಾಹೇಬ್ರ."

ವಿಜಯಪುರ ಸೀಮೆಯ ಯಾವ ದವಾಖಾನೆಯ ಬಾಗಿಲಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಕೈಕಾಲಲ್ಲಿ ಬಲ ಇಲ್ಲ, ತಲೆ ಜಡ, ಎದೆ ಮೇಲೆ ಭಾರ, ಮೈಯೆಲ್ಲ ಹರಿತ, ರೊಟ್ಟಿ ಸೇರುವುದಿಲ್ಲ, ನಿದ್ದೆ ಇಲ್ಲ. ಬಂದವರಲ್ಲಿ ಕೆಲವರಿಗೆ ರಕ್ತ ಕಡಿಮೆ ಇರುತ್ತದೆ, ಕೆಲವರಿಗೆ ಥೈರಾಯ್ಡ್, ಇನ್ನು ಕೆಲವರಿಗೆ ಸಕ್ಕರೆ ಕಾಯಿಲೆ. ತಪಾಸಣೆಯೆಲ್ಲ ಮುಗಿದು, ಎಲ್ಲ ನಾರ್ಮಲ್ ಎಂದು ಕೈಗೆ ಚೀಟಿ ಬಂದ ಮೇಲೂ ಬೇನೆ ಹಾಗೇ ಉಳಿದವರು ಮತ್ತೊಂದು ದವಾಖಾನೆಯ ದಾರಿ ಹಿಡಿಯುತ್ತಾರೆ. ವಿಜಯಪುರ ಆಯಿತು, ಸೋಲಾಪುರ ಆಯಿತು, ಮಿರಜ ಆಯಿತು. ಫೈಲು ದಪ್ಪಗಾಗುತ್ತದೆ. ಅವರಲ್ಲಿ ಎಷ್ಟೋ ಜನರ ಕಾಯಿಲೆಯ ಹೆಸರು ಖಿನ್ನತೆ.

ಮಮದಾಪುರ ಬಬಲೇಶ್ವರ ತಾಲ್ಲೂಕಿನ ಊರು. ಗೋಳಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲ್‌ಶಾ 17ನೇ ಶತಮಾನದಲ್ಲಿ ಇಲ್ಲಿ ದೊಡ್ಡ ಕೆರೆ ಕಟ್ಟಿಸಿದ. ಊರಿನ ಹೆಸರೂ ಅವನದೇ. ಬಿಳಿಜೋಳ, ಕಡಲೆ, ತೊಗರಿಯ ನೆಲ. ನೀರು ಸಿಕ್ಕ ಕಡೆ ದ್ರಾಕ್ಷಿ, ದಾಳಿಂಬೆ, ಲಿಂಬೆ. ಮಳೆ ಕೈಕೊಟ್ಟ ವರ್ಷ ಸಾಲ, ಬೆಳೆ ಬಂದ ವರ್ಷ ದರದ ಚಿಂತೆ, ಸುಗ್ಗಿ ಮುಗಿದರೆ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗುವ ಸಂಸಾರಗಳು. ಸುತ್ತಲ ಹತ್ತಾರು ಹಳ್ಳಿಗಳ ಬದುಕೂ ಇದೇ. ಇಂಥಲ್ಲಿ ಯಾರಾದರೂ "ಜೀವಕ್ಕ ಬ್ಯಾಸರ ಆಗೈತಿ" ಅಂದರೆ ಕೇಳಿದವರು ಕಾರಣವನ್ನು ಕೂಡಲೇ ಹೇಳಿಬಿಡುತ್ತಾರೆ: ಸಾಲ ಆಗೇತಿ, ಮಗಳ ಮದುವಿ ಐತಿ, ಬ್ಯಾಸರ ಆಗದೇ ಇರ್ತೈತೇನು? ಕಾರಣ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಕಾಯಿಲೆ ಕೈತಪ್ಪುತ್ತದೆ. ಸಾಲ ಇದ್ದವರಿಗೂ ಖಿನ್ನತೆ ಬರಬಹುದು, ಸಾಲ ತೀರಿದ ಮೇಲೂ ಅದು ಹೋಗದೆ ಉಳಿಯಬಹುದು.

ಕೇಳಿದರೆ ಹೇಳುತ್ತಾರೆ

ದೇಹದ ಮೂಲಕ ಮನಸ್ಸಿನ ನೋವು ಹೇಳಿಕೊಳ್ಳುವುದು ಉತ್ತರ ಕರ್ನಾಟಕದ ಹಳ್ಳಿಗರಿಗಷ್ಟೇ ಅಂಟಿದ ರೂಢಿಯೆಂದು ಯಾರಾದರೂ ಭಾವಿಸಿದ್ದರೆ, ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನವನ್ನು ನೋಡಬೇಕು. ಅದರಲ್ಲಿ ಬೆಂಗಳೂರೂ ಒಂದು ಕೇಂದ್ರವಾಗಿತ್ತು. 1999ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯ ಪ್ರಕಾರ, ಸಾಮಾನ್ಯ ವೈದ್ಯರ ಬಳಿಗೆ ಬಂದು ಖಿನ್ನತೆ ಇದೆಯೆಂದು ಖಚಿತವಾದ 1,146 ಜನರಲ್ಲಿ ಶೇ 69ರಷ್ಟು ಮಂದಿ ವೈದ್ಯರಿಗೆ ಹೇಳಿದ್ದು ಬರೀ ಮೈಯ ತೊಂದರೆಗಳನ್ನು. ನೋವು, ಸುಸ್ತು, ನಿದ್ರಾಹೀನತೆ. ಮನಸ್ಸಿನ ಸುದ್ದಿಯನ್ನು ಅವರು ತಾವಾಗಿ ಎತ್ತಲಿಲ್ಲ.

ಅದೇ ಅಧ್ಯಯನದ ಇನ್ನೊಂದು ಅಂಕಿ ಇದಕ್ಕಿಂತ ಮುಖ್ಯ. ಮನಸ್ಸಿನ ಲಕ್ಷಣಗಳ ಬಗ್ಗೆ ನೇರವಾಗಿ ಪ್ರಶ್ನೆ ಕೇಳಿದಾಗ ಅಂಥದ್ದೇನೂ ಇಲ್ಲ ಎಂದವರು ಶೇ 11 ಮಾತ್ರ. ಜನ ಮುಚ್ಚಿಟ್ಟಿರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ. ಬದುಕಿನ ಯಾವುದಾದರೂ ಒಂದು ಘಟ್ಟದಲ್ಲಿ ಖಿನ್ನತೆ ಅನುಭವಿಸಿದವರು ಇಪ್ಪತ್ತು ಜನರಿಗೆ ಒಬ್ಬರು. ಖಿನ್ನತೆ ಇದ್ದೂ ಚಿಕಿತ್ಸೆ ಸಿಗದವರು ನೂರಕ್ಕೆ ಸುಮಾರು 85. ಕರ್ನಾಟಕ ಆ 12 ರಾಜ್ಯಗಳಲ್ಲಿ ಇರಲಿಲ್ಲವಾದರೂ, ಸಮೀಕ್ಷೆಯ ವಿಧಾನವನ್ನು ಮೊದಲು ಒರೆಗೆ ಹಚ್ಚಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ.

ಎರಡು ವಾರ, ಒಂಬತ್ತು ಲಕ್ಷಣ

ಹಾಗಿದ್ದರೆ ವೈದ್ಯರು ಇದನ್ನು ಹೇಗೆ ಗುರುತಿಸುತ್ತಾರೆ? ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿ ಡಿಎಸ್‌ಎಂ-5 ಒಂಬತ್ತು ಲಕ್ಷಣಗಳನ್ನು ಪಟ್ಟಿ ಮಾಡುತ್ತದೆ. ಮೊದಲಿನ ಎರಡು ಮೂಲ ಲಕ್ಷಣಗಳು: ದಿನದ ಬಹುಹೊತ್ತು ಕವಿದಿರುವ ದುಃಖ ಅಥವಾ ಖಾಲಿತನ, ಹಿಂದೆ ಖುಷಿ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಉಳಿದವು ನಿದ್ದೆಯ ಏರುಪೇರು, ಹಸಿವು ಅಥವಾ ತೂಕದಲ್ಲಿ ವ್ಯತ್ಯಾಸ, ಸುಸ್ತು, ಏಕಾಗ್ರತೆಯ ಕೊರತೆ, ತಾನು ಯಾವುದಕ್ಕೂ ಬಾರದವನು ಅಥವಾ ತಪ್ಪಿತಸ್ಥ ಎಂಬ ಭಾವ, ನಡೆನುಡಿ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ ಐದು, ಅವುಗಳಲ್ಲಿ ಮೊದಲಿನ ಎರಡರ ಪೈಕಿ ಒಂದಾದರೂ, ಎರಡು ವಾರ ಹೆಚ್ಚುಕಡಿಮೆ ದಿನವೂ ಇರಬೇಕು; ಮನೆ, ಹೊಲ, ಕಚೇರಿಯ ಕೆಲಸಕ್ಕೆ ಅದರಿಂದ ಅಡ್ಡಿಯಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ವರ್ಗೀಕರಣ 2022ರಿಂದ ಜಾರಿಯಲ್ಲಿದೆ. ಅದು ಈ ಪಟ್ಟಿಗೆ ಹತ್ತನೆಯದಾಗಿ ನಿರಾಶೆಯನ್ನು, ಮುಂದೆ ಏನೂ ನೆಟ್ಟಗಾಗದು ಎಂಬ ಭಾವವನ್ನು ಸೇರಿಸಿದೆ.

ಪುಸ್ತಕದ ಈ ಭಾಷೆ ದವಾಖಾನೆಯಲ್ಲಿ ಹಾಗೇ ನಡೆಯುವುದಿಲ್ಲ. ವೈದ್ಯರು ಕೇಳುವ ರೀತಿ ಹೇಗಿರಬಹುದು ಎಂಬುದಕ್ಕೆ ಇಲ್ಲೊಂದು ಮಾದರಿ ಇದೆ. ಇದು ಯಾರೊಬ್ಬರ ಕತೆಯೂ ಅಲ್ಲ.

"ಏನ್ ಆಗೈತ್ರಿ ಅವ್ವಾರ?"

"ಮೈಯಾಗ ಬಲಾನ ಇಲ್ರಿ. ರಾತ್ರಿ ಮೂರಕ್ಕ ಎಚ್ಚರ ಆಗತೈತಿ, ಮತ್ತ ಕಣ್ಣ ಹತ್ತೂದಿಲ್ರಿ."

"ಊಟಾ?"

"ರೊಟ್ಟಿ ಗಂಟಲಾಗ ಇಳಿಯೂದಿಲ್ರಿ."

"ಮನಿ ಕೆಲಸದಾಗ ಮನಸ್ ಐತೇನ್ರಿ?"

"ಎಲ್ಲಿ ಮನಸ್ರಿ. ಒಲಿ ಹಚ್ಚಾಕ ಬ್ಯಾಸರ. ಮೊಮ್ಮಗ ಬಂದ್ರೂ ಎತ್ಕೋಬೇಕು ಅನಸೂದಿಲ್ರಿ."

"ಎಷ್ಟ್ ದಿನಾ ಆತ್ರಿ ಹಿಂಗ?"

"ಶೀಗಿ ಹುಣ್ಣಿವಿ ದಾಟಿದ ಮ್ಯಾಲಿಂದ್ರಿ. ಈಗ ಎಳ್ಳಮಾಸಿ ಬಂತಲ್ರಿ."

"ಯಾಕರ ಬದುಕೀನಿ ಅಂತ ಅನಸ್ತೈತೇನ್ರಿ?"

ಸ್ವಲ್ಪ ಹೊತ್ತು ಮಾತಿಲ್ಲ. "ಒಮ್ಮೊಮ್ಮೆ ಅನಸ್ತೈತ್ರಿ."

ಐದು ನಿಮಿಷದ ಮಾತು. ಆದರೆ ಆಸಕ್ತಿ ಹೋಗಿದೆ, ನಿದ್ದೆ ಕೆಟ್ಟಿದೆ, ಹಸಿವಿಲ್ಲ, ಸುಸ್ತಿದೆ, ಸಾವಿನ ಯೋಚನೆ ಬಂದಿದೆ. ಅವಧಿ ಎರಡು ವಾರವನ್ನು ಎಂದೋ ದಾಟಿದೆ. ಆಕೆ "ನನಗ ದುಃಖ ಆಗೈತಿ" ಎಂದು ಒಮ್ಮೆಯೂ ಹೇಳಿಲ್ಲ ಎಂಬುದನ್ನು ಗಮನಿಸಬೇಕು. ಮೊಮ್ಮಗನ ಮಾತು ಬಾರದಿದ್ದರೆ ಆಕೆ ಸಲೈನ್ ಹಚ್ಚಿಸಿಕೊಂಡು, ಶಕ್ತಿಯ ಗುಳಿಗೆ ತೆಗೆದುಕೊಂಡು ಮನೆಗೆ ಹೋಗುತ್ತಿದ್ದಳು.

ಇದೇ ಪ್ರಶ್ನೆಗಳನ್ನು ಅಂಕಗಳಿಗೆ ಇಳಿಸಿದ ಪಟ್ಟಿ ಪಿಎಚ್‌ಕ್ಯೂ-9. ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಎಂಬ ಅಮೆರಿಕದ ಸಂಶೋಧಕರು 2001ರಲ್ಲಿ ಇದನ್ನು ಪ್ರಕಟಿಸಿದರು. ಕಳೆದ ಎರಡು ವಾರದಲ್ಲಿ ಪ್ರತಿಯೊಂದು ತೊಂದರೆ ಎಷ್ಟು ದಿನ ಕಾಡಿತು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಐದು ಮುಟ್ಟಿದರೆ ಸೌಮ್ಯ, 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ಇನ್ನೂ ಹೆಚ್ಚು, 20 ಮುಟ್ಟಿದರೆ ತೀವ್ರ. ನರ್ಸ್, ಆಶಾ ಕಾರ್ಯಕರ್ತೆ, ಕಾಲೇಜಿನ ಆಪ್ತಸಮಾಲೋಚಕಿ, ಯಾರು ಬೇಕಾದರೂ ಕೇಳಬಹುದು. ಆದರೆ ಅಂಕ ಬಂದ ಮಾತ್ರಕ್ಕೆ ಕಾಯಿಲೆ ಖಚಿತವಾಗುವುದಿಲ್ಲ. ವೈದ್ಯರ ಬಳಿಗೆ ಯಾರನ್ನು ಕಳಿಸಬೇಕು, ಚಿಕಿತ್ಸೆ ಆರಂಭಿಸಿದ ಮೇಲೆ ಎಷ್ಟು ಸುಧಾರಿಸಿದೆ ಎಂಬುದನ್ನು ಅಳೆಯಲು ಅದು ನೆರವಾಗುತ್ತದೆ.

ಖಚಿತಪಡಿಸುವ ಮುನ್ನ ವೈದ್ಯರು ತಳ್ಳಿಹಾಕಬೇಕಾದ ಸಂಗತಿಗಳು ಹಲವಿವೆ. ಥೈರಾಯ್ಡ್ ಗ್ರಂಥಿ ಮಂದವಾದರೆ ಇದೇ ಸುಸ್ತು, ಇದೇ ಜಡತೆ. ಹಿಮೋಗ್ಲೋಬಿನ್ ಇಳಿದರೆ, ಬಿ12 ಜೀವಸತ್ವ ಕಡಿಮೆಯಾದರೆ, ಸಕ್ಕರೆ ಏರುಪೇರಾದರೆ ಲಕ್ಷಣಗಳು ಹೀಗೇ ಕಾಣಬಹುದು. ರಕ್ತ ತಪಾಸಣೆ ಬೇಕಾಗುವುದು ಇದಕ್ಕೆ. ಕುಡಿತವಿದೆಯೇ ಎಂದು ಕೇಳಬೇಕು. ಇತ್ತೀಚೆಗೆ ಹೆರಿಗೆಯಾಗಿದೆಯೇ? ಮನೆಯಲ್ಲಿ ಸಾವಾಗಿದೆಯೇ? ಅಗಲಿಕೆಯ ದುಃಖ ಕಾಯಿಲೆಯಲ್ಲ, ಆದರೆ ಆ ದುಃಖದೊಳಗೇ ಖಿನ್ನತೆ ಬೆಳೆಯಲೂಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆಂದಾದರೂ ನಿದ್ದೆಯಿಲ್ಲದೆಯೂ ದಣಿಯದೆ, ಅತಿ ಮಾತು, ಅತಿ ಖರ್ಚು, ಅತಿ ಹುರುಪಿನಲ್ಲಿ ದಿನಗಟ್ಟಲೆ ಇದ್ದದ್ದುಂಟೇ ಎಂದು ಮನೆಯವರನ್ನು ವಿಚಾರಿಸಬೇಕು. ಹೌದಾದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು. ಅದಕ್ಕೆ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಹುರುಪು ಮಿತಿಮೀರಿ ತಿರುಗಿಬಿಡುವ ಅಪಾಯವಿದೆ.

ಧಾರವಾಡದಿಂದ ಕೋಟದವರೆಗೆ

ಈ ಭಾಗದ ಜನಕ್ಕೆ ಮನೋರೋಗ ಎಂದರೆ ಬಹುಕಾಲ ಧಾರವಾಡ. ಮುಂಬೈ ಪ್ರಾಂತದ ಕಾಲದಲ್ಲಿ, 1845ರಲ್ಲಿ ಅಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯೇ ಇಂದಿನ ಡಿಮ್ಹಾನ್ಸ್. "ನಿನ್ನ ಧಾರವಾಡಕ್ಕ ಕಳಸಬೇಕು" ಎಂಬ ಮಾತು ಬಿಜಾಪುರ, ಬಾಗಲಕೋಟೆಯ ಕಟ್ಟೆಗಳ ಮೇಲೆ ಬೈಗುಳವೂ ಆಯಿತು, ನಗೆಚಾಟಿಕೆಯೂ ಆಯಿತು. ಕೈಕಾಲು ಕಟ್ಟಿ ಕರೆದೊಯ್ಯುವಷ್ಟು ಕೆಟ್ಟವರಿಗೆ ಮಾತ್ರ ಆಸ್ಪತ್ರೆ ಎಂಬ ಗ್ರಹಿಕೆ ಹೀಗೆ ಬೇರುಬಿಟ್ಟಿತು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಸುಮ್ಮನೆ ಮಲಗಿರುವವರು ಆ ಲೆಕ್ಕಕ್ಕೆ ಬರಲಿಲ್ಲ. ಕಾನೂನು ಕೂಡ ಬಹಳ ವರ್ಷ ಅದೇ ಕಣ್ಣಿನಿಂದ ನೋಡಿತು: 1912ರ ಕಾಯ್ದೆ ಹುಚ್ಚರನ್ನು ಒಳಗಿಡುವುದರ ಬಗ್ಗೆ ಮಾತಾಡಿತು, ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಹೇಳಲು 2017ರ ಮಾನಸಿಕ ಆರೋಗ್ಯ ಕಾಯ್ದೆ ಬರಬೇಕಾಯಿತು.

ಆಸ್ಪತ್ರೆಯ ಗೋಡೆಯಾಚೆ ಬಂದು ಹಳ್ಳಿಯ ಮನೆಮನೆಯಲ್ಲಿ ಪ್ರಶ್ನೆ ಕೇಳಿದವರಲ್ಲಿ ಮೊದಲ ಸಾಲಿನವರು ಮನೋವೈದ್ಯರಾದ ಜಿ.ಎಂ. ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್. ಅವರು ಆಯ್ದುಕೊಂಡದ್ದು ದಕ್ಷಿಣ ಕನ್ನಡದ, ಈಗಿನ ಉಡುಪಿ ಜಿಲ್ಲೆಯ ಕೋಟ. ಬ್ರಾಹ್ಮಣರು, ಬಂಟರು, ಮೊಗೇರರು ಎಂಬ ಮೂರು ಸಮುದಾಯಗಳ ಜನರನ್ನು ಅವರು ಮಾತಾಡಿಸಿದರು. 1976ರಲ್ಲಿ ಬಂದ ಅವರ ಪುಸ್ತಕ ಕೋಟವನ್ನು ಜಗತ್ತಿನ ಮನೋವೈದ್ಯರ ನಕಾಶೆಯಲ್ಲಿ ಇಟ್ಟಿತು. ವಿಲಾಯತಿ ಪ್ರಶ್ನಾವಳಿಗಳು ಇಲ್ಲಿ ನಡೆಯವು ಎಂದು ಕಂಡ ತಂಡ ಭಾರತದ ಹಳ್ಳಿಗೆ ಹೊಂದುವ ಪ್ರಶ್ನಾವಳಿಯನ್ನೇ ರೂಪಿಸಿತು. ಮೈಯಲ್ಲಿ ಕಾಣಿಸಿಕೊಳ್ಳುವ ತೊಂದರೆ, ದೆವ್ವ ಮೆಟ್ಟಿದ ಅನುಭವ, ಎಲ್ಲಕ್ಕೂ ಅವರು ಜಾಗ ಕೊಟ್ಟರು. ಜನ ವೈದ್ಯರ ಬಳಿಗೂ ಹೋಗುತ್ತಾರೆ, ಮಂತ್ರವಾದಿ, ಪಾತ್ರಿಗಳ ಬಳಿಗೂ ಹೋಗುತ್ತಾರೆ, ಒಂದನ್ನು ನಂಬಿದವರು ಇನ್ನೊಂದನ್ನು ಬಿಡುವುದಿಲ್ಲ ಎಂಬುದೂ ಅಲ್ಲಿ ದಾಖಲಾಯಿತು. ತಾಯಿತ ಕಟ್ಟಿಸಿಕೊಂಡು, ದೇವರ ಹೇಳಿಕೆ ಕೇಳಿ, ಆಮೇಲೆ ದವಾಖಾನೆಗೆ ಬರುವ ವಿಜಯಪುರದ ಸಂಸಾರಗಳಿಗೆ ಇದು ಹೊಸ ಸುದ್ದಿಯೇನಲ್ಲ. ಅನುಭವಿ ವೈದ್ಯರು ತಾಯಿತ ಬಿಚ್ಚಲು ಹೇಳುವುದಿಲ್ಲ; ಗುಳಿಗೆ ಬಿಡಬೇಡಿ ಎಂದಷ್ಟೇ ಹೇಳುತ್ತಾರೆ.

ಅದೇ ಕಾಲಕ್ಕೆ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಹಾಯಕಿಯರಿಗೆ ಕೆಲವೇ ದಿನ ತರಬೇತಿ ಕೊಟ್ಟರೆ ಮನೋರೋಗ ಗುರುತಿಸಲು ಸಾಧ್ಯವೇ ಎಂದು ನೋಡುವುದು ಉದ್ದೇಶ. ಸಾಧ್ಯ ಎಂದು ಗೊತ್ತಾದ ಮೇಲೆ ಇಡೀ ಜಿಲ್ಲೆಗೆ ಅದನ್ನು ವಿಸ್ತರಿಸಲು ಆರಿಸಿಕೊಂಡದ್ದು ಬಳ್ಳಾರಿ. 1980ರ ದಶಕದ ನಡುವಿನಿಂದ ಅಲ್ಲಿ ನಡೆದ ಪ್ರಯೋಗ 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದರ ಅಚ್ಚಿನಲ್ಲೇ ಎರಕವಾಯಿತು.

ಕನ್ನಡದಲ್ಲಿ ಬರೆದು ತಿಳಿಸುವ ಕೆಲಸವೂ ಬೇರೆ ದಾರಿಯಲ್ಲಿ ಸಾಗಿತ್ತು. 'ಕೊರವಂಜಿ' ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗೆಬರಹಗಾರರೊಬ್ಬರ ಮನೋವೈದ್ಯಕೀಯ ಪುಸ್ತಕಕ್ಕೆ ಸಾಹಿತ್ಯದ ಮನ್ನಣೆ ಸಿಕ್ಕ ಅಪರೂಪದ ಪ್ರಸಂಗ ಅದು. ಆಮೇಲಿನ ತಲೆಮಾರಿಗೆ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಿಂದ, ಸಣ್ಣ ಸಣ್ಣ ಪುಸ್ತಕಗಳಿಂದ ಮನೆಮಾತಾದರು.

ಮಂಗಳವಾರದ ವೈದ್ಯರು

ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಇರುವವರು ನಗರಗಳಲ್ಲಿದ್ದಾರೆ. ವಿಜಯಪುರದಲ್ಲಿ ಜಿಲ್ಲಾಸ್ಪತ್ರೆ ಇದೆ, ಬಿ.ಎಂ. ಪಾಟೀಲ ಮತ್ತು ಅಲ್ ಅಮೀನ್ ವೈದ್ಯಕೀಯ ಕಾಲೇಜುಗಳಿವೆ. ಆದರೆ ಹಳ್ಳಿಯಿಂದ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೊಬ್ಬರು, ಮೇಲಾಗಿ "ಎಲ್ಲಿಗೆ ಹೊಂಟೀರಿ?" ಎಂಬ ಪ್ರಶ್ನೆಗೊಂದು ಉತ್ತರ. ಖಿನ್ನತೆ ಇರುವವರಿಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿದ 'ಮನೋಚೈತನ್ಯ' ಈ ದಾರಿಯನ್ನು ಅರ್ಧಕ್ಕೆ ಇಳಿಸಲು ನೋಡಿತು. ಮಂಗಳವಾರಗಳಂದು ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಸರ್ಕಾರಿ ವೈದ್ಯರು ಸಾಲದ ಕಡೆ ಖಾಸಗಿಯವರು, ವೈದ್ಯಕೀಯ ಕಾಲೇಜಿನವರು ಕೈಜೋಡಿಸುತ್ತಾರೆ. ಜ್ವರ, ಕೆಮ್ಮು ಎಂದು ಬಂದವರ ಸಾಲಿನಲ್ಲೇ ಇವರೂ ನಿಲ್ಲಬಹುದಾದ್ದರಿಂದ ಹಣೆಪಟ್ಟಿಯ ಭಯ ತುಸು ಕಡಿಮೆ.

ಪ್ರಸಿದ್ಧರ ಮಾತೂ ಒಂದಷ್ಟು ಕೆಲಸ ಮಾಡಿದೆ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮಗೆ 2014ರಲ್ಲಿ ಖಿನ್ನತೆ ಕಾಡಿತ್ತೆಂದು 2015ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಆಗ ಅವರ ವೃತ್ತಿಬದುಕು ಉತ್ತುಂಗದಲ್ಲಿತ್ತು. ಹೊರಗಿನವರ ಕಣ್ಣಿಗೆ ಕಾಣುವ ಕಾರಣ ಒಂದೂ ಇರಲಿಲ್ಲ. ಏನೋ ಸರಿಯಿಲ್ಲ ಎಂದು ಮೊದಲು ಗುರುತಿಸಿದವರು ಅವರ ತಾಯಿ. ದೀಪಿಕಾ ಸ್ಥಾಪಿಸಿದ ಪ್ರತಿಷ್ಠಾನದ ಮೊದಲ ಗ್ರಾಮೀಣ ಕಾರ್ಯಕ್ರಮ ನಡೆದದ್ದು ದಾವಣಗೆರೆ ಜಿಲ್ಲೆಯಲ್ಲಿ.

ಕೇಳಲು ಹೆದರುವ ಪ್ರಶ್ನೆ

ಪಿಎಚ್‌ಕ್ಯೂ-9 ಪಟ್ಟಿಯ ಒಂಬತ್ತನೇ ಪ್ರಶ್ನೆಯನ್ನು, ಸಾವಿನ ಯೋಚನೆ ಬರುತ್ತದೆಯೇ ಎಂಬುದನ್ನು, ಮನೆಯವರಷ್ಟೇ ಅಲ್ಲ, ಆರೋಗ್ಯ ಸಿಬ್ಬಂದಿಯೂ ನುಂಗಿಬಿಡುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಅಂಜಿಕೆ. ಸಂಶೋಧನೆಗಳು ಇದನ್ನು ಒಪ್ಪುವುದಿಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಹೇಳಿಕೊಳ್ಳಲು ಯಾರಾದರೂ ಸಿಕ್ಕರಲ್ಲ ಎಂದು ಎಷ್ಟೋ ಜನ ಹಗುರಾಗುತ್ತಾರೆ. ಹೌದು ಎಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಬೇಕು. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಲ್ಲಿ ಇಡದೆ ಬೇರೆಡೆ ಬೀಗ ಹಾಕಿಡುವುದು ಹೊಲದ ಮನೆಗಳಲ್ಲಿ ಜೀವ ಉಳಿಸುವ ಕೆಲಸ. ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಪ್ರಮಾಣ 1990ರ ದಶಕದ ಮಧ್ಯದಿಂದೀಚೆಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಯಾತನೆಯ ಆ ಗಳಿಗೆ ದಾಟಿದರೆ ಬಹಳ ಜನ ಬದುಕುತ್ತಾರೆ. ಆತ್ಮಹತ್ಯೆಗೆ ಯತ್ನಿಸಿ ಉಳಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ ಎನ್ನುತ್ತದೆ 2017ರ ಕಾಯ್ದೆಯ 115ನೇ ಕಲಂ. ಪೊಲೀಸ್ ಕೇಸಿಗೆ ಹೆದರಿ ದವಾಖಾನೆ ತಪ್ಪಿಸಬೇಕಾದ ಕಾಲ ಇದಲ್ಲ.

ಗುಳಿಗೆ ಮತ್ತು ಮಾತು

ಖಚಿತವಾದ ಮೇಲೆ ಮುಂದೇನು? ಸೌಮ್ಯ ಖಿನ್ನತೆಗೆ ಹಲವು ಸಲ ಆಪ್ತಸಮಾಲೋಚನೆಯೇ ಸಾಕು. ಅದಕ್ಕಿಂತ ತೀವ್ರವಾದದ್ದಕ್ಕೂ ಮಾತು ನೆರವಾಗಬಲ್ಲದು. ನೆರೆಯ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ವೈದ್ಯಕೀಯ ಪದವಿ ಇಲ್ಲದ ಸ್ಥಳೀಯರನ್ನೇ ಸಮಾಲೋಚಕರನ್ನಾಗಿ ತರಬೇತುಗೊಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಹೆಚ್ಚು ತೀವ್ರತೆಯ ಖಿನ್ನತೆ ಇದ್ದವರೊಂದಿಗೆ ಆರರಿಂದ ಎಂಟು ಭೇಟಿ; ನಿಂತುಹೋದ ಸಣ್ಣಪುಟ್ಟ ಕೆಲಸಗಳನ್ನು, ಖುಷಿ ಕೊಡುತ್ತಿದ್ದ ಓಡಾಟಗಳನ್ನು ಮೆಲ್ಲಗೆ ಮತ್ತೆ ಹಚ್ಚಿಕೊಳ್ಳುವಂತೆ ಮಾಡುವುದೇ ಚಿಕಿತ್ಸೆ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳಲ್ಲಿ ಶೇ 64 ಮಂದಿ ಚೇತರಿಸಿಕೊಂಡಿದ್ದರು. ಮಾಮೂಲಿ ಆರೈಕೆ ಪಡೆದವರಲ್ಲಿ ಈ ಪ್ರಮಾಣ ಶೇ 39.

ಮಧ್ಯಮ, ತೀವ್ರ ಖಿನ್ನತೆಗೆ ಎಸ್ಸಿಟಲೋಪ್ರಾಮ್, ಫ್ಲೂಯಾಕ್ಸೆಟಿನ್‌ನಂಥ ಔಷಧಿಗಳಿವೆ. ದುಬಾರಿಯೇನಲ್ಲ. ಆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳೆಸುವುದು, ತಲೆನೋವಿನಂಥ ಅಡ್ಡಪರಿಣಾಮ ಕಂಡು, ಗುಣ ಆಮೇಲೆ ಬರುವುದರಿಂದ "ಈ ಗುಳಿಗಿ ನನಗ ಆಗಿ ಬರೂದಿಲ್ಲ" ಎಂದು ನಾಲ್ಕನೇ ದಿನಕ್ಕೇ ಬಿಡುವವರು ಬಹಳ. ಇವು ನಿದ್ದೆ ಗುಳಿಗೆಗಳಲ್ಲ, ಚಟ ಹಿಡಿಸುವಂಥವಲ್ಲ. ಹಾಗೆಂದು ತಟ್ಟನೆ ನಿಲ್ಲಿಸುವಂತೆಯೂ ಇಲ್ಲ. ಪೂರ್ತಿ ಆರಾಮ ಅನಿಸಿದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಕಡಿಮೆ ಮಾಡುತ್ತ ಬರಬೇಕು.

ದುಡಿಯಲು ಊರು ಬಿಡುವ ಸಂಸಾರಗಳ ಚಿಕಿತ್ಸೆ ಕಡಿದುಹೋಗುವುದು ಇಲ್ಲೇ. ಎರಡನೇ ತಿಂಗಳಿಗೆ ನಿದ್ದೆ, ಊಟ ಹದಕ್ಕೆ ಬಂದಿರುತ್ತದೆ. ಅಷ್ಟರಲ್ಲಿ ಗೋವಾದ ಕಟ್ಟಡ ಕೆಲಸದ ಕರೆ ಬರುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಈ ಬಿರುಕನ್ನು ಸ್ವಲ್ಪವಾದರೂ ಮುಚ್ಚಬಲ್ಲದು. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡವನ್ನು ಆರಿಸಿಕೊಂಡು ಸಮಾಲೋಚಕರೊಂದಿಗೆ ಮಾತಾಡಬಹುದು, ಅಗತ್ಯ ಬಿದ್ದರೆ ಅವರು ಮನೋವೈದ್ಯರಿಗೆ ದಾಟಿಸುತ್ತಾರೆ. ಊರು ಬಿಡುವ ಮುನ್ನ ವೈದ್ಯರಿಂದ ಕಾಯಿಲೆಯ ಹೆಸರು, ಗುಳಿಗೆಯ ಹೆಸರು ಮತ್ತು ಪ್ರಮಾಣ, ಆರಂಭಿಸಿದ ತಾರೀಖು ಬರೆಸಿಕೊಂಡು ಜೊತೆಗಿಟ್ಟುಕೊಂಡರೆ, ಮಡಗಾಂವ ಇರಲಿ, ಪುಣೆ ಇರಲಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯ ವೈದ್ಯರು ಮತ್ತೆ ಮೊದಲಿಂದ ಶುರು ಮಾಡಬೇಕಾಗುವುದಿಲ್ಲ.